ತೂತಿನ ಡಿಸ್ಕ್: ತಂಪಿಗೋ, ಚಂದಕ್ಕೋ?

ಬಿ.ಸಿ. ರೋಡಿನಲ್ಲಾಗಲಿ ಮೂಡುಬಿದಿರೆಯಲ್ಲಾಗಲಿ ಸಾಲಾಗಿ ನಿಲ್ಲಿಸಿದ ಬೈಕುಗಳ ಮುಂಚಕ್ರವನ್ನು ಗಮನಿಸಿ. ಚಕ್ರದ ನಡುವೆ ಹೊಳೆಯುವ ಉಕ್ಕಿನ ತಟ್ಟೆ, ಅದರ ತುಂಬ ತೂತುಗಳು. ಪಕ್ಕದಲ್ಲೇ ನಿಂತ ಕಾರಿನ ಚಕ್ರದ ಸಂದಿಯಿಂದ ಇಣುಕಿ ನೋಡಿದರೆ ಅಲ್ಲಿಯ ಡಿಸ್ಕ್ ಸಪಾಟಾಗಿದೆ; ಅಂಚಿಗೆ ತುಕ್ಕು ಹಿಡಿದಿದೆ. ಬೈಕಿಗೇ ತೂತಿನ ಡಿಸ್ಕ್ ಇರುವಾಗ ಲಕ್ಷಗಟ್ಟಲೆ ಬೆಲೆಯ ಕಾರಿಗೆ ಏಕಿಲ್ಲ? ವಿದ್ಯಾರ್ಥಿಗಳು ಕೇಳುವ ಈ ಪ್ರಶ್ನೆ ನ್ಯಾಯವಾದದ್ದೇ. ಬಿಡಿಭಾಗಗಳ ಅಂಗಡಿಯಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: 'ಕಂಪನಿಯವರು ಖರ್ಚು ಉಳಿಸುತ್ತಾರೆ. ತೂತಿನದ್ದು ಹಾಕಿಸಿ, ಬೇಗ ತಣಿಯುತ್ತದೆ, ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ.'

ಈ ಉತ್ತರ ಎಷ್ಟು ಸರಿ? ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಬಂಟ್ವಾಳದಿಂದ ಬೆಳ್ತಂಗಡಿ, ಉಜಿರೆ ದಾಟಿ ಹೋದರೆ ಚಾರ್ಮಾಡಿ ಘಾಟಿ. ಅದರ ಹಿಮ್ಮುರಿ ತಿರುವುಗಳಲ್ಲಿ ಕೆಳಗಿಳಿಯುವ ಕಾರಿನ ಬ್ರೇಕ್ ಕೈಕೊಟ್ಟರೆ ಬದಿಯಲ್ಲಿ ಕಂದಕವಿದೆ. ಬೆಂಜನಪದವು, ಉಜಿರೆ, ಮೂಡುಬಿದಿರೆಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳೂ ಇವೆ. ಎಸ್‌ಎಇ ಇಂಡಿಯಾ ನಡೆಸುವ ಬಾಹಾ ಮುಂತಾದ ಸ್ಪರ್ಧೆಗಳಿಗೆ ವಾಹನ ಕಟ್ಟುವ ವಿದ್ಯಾರ್ಥಿ ತಂಡಗಳು ಎದುರಿಸಲೇಬೇಕಾದ ಆಯ್ಕೆ ಇದು. ಆದ್ದರಿಂದ ಅಂಗಡಿಯ ವಾದವನ್ನು ಒಂದೊಂದಾಗಿ ಬಿಡಿಸಿ, ಲೆಕ್ಕದ ಒರೆಗೆ ಹಚ್ಚಿ ನೋಡೋಣ.

ಮೂರು ಬಗೆ

ಕಾರಿನ ಬ್ರೇಕ್ ಡಿಸ್ಕ್ ಸಾಮಾನ್ಯವಾಗಿ ಬೂದು ಎರಕದ ಕಬ್ಬಿಣದ್ದು. ಅದು ಚಕ್ರದೊಡನೆ ತಿರುಗುತ್ತದೆ. ಪೆಡಲ್ ಒತ್ತಿದಾಗ ದ್ರವದ ಒತ್ತಡದಿಂದ ಕ್ಯಾಲಿಪರ್‌ನೊಳಗಿನ ಪಿಸ್ಟನ್ ಮುಂದೆ ಸರಿದು ಎರಡು ಪ್ಯಾಡುಗಳು ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುತ್ತವೆ. ಮುಂಚಕ್ರಗಳ ಡಿಸ್ಕ್ ಹಲವು ಕಾರುಗಳಲ್ಲಿ ಒಂದೇ ತಟ್ಟೆಯಲ್ಲ. ಎರಡು ತಟ್ಟೆಗಳ ನಡುವೆ ರೆಕ್ಕೆಗಳನ್ನಿಟ್ಟು ಒಟ್ಟಿಗೇ ಎರಕ ಹೊಯ್ದಿರುತ್ತಾರೆ. ಡಿಸ್ಕ್ ತಿರುಗಿದಂತೆ ಈ ರೆಕ್ಕೆಗಳು ನಡುವಿನಿಂದ ಗಾಳಿ ಎಳೆದು ಅಂಚಿನತ್ತ ದೂಡುತ್ತವೆ. ಇದನ್ನು ಗಾಳಿಡಿಸ್ಕ್ ಎನ್ನೋಣ.

ಡಿಸ್ಕಿನ ಮೈ ನಯವಾಗಿದ್ದರೆ ಅದು ಸಾದಾ ಡಿಸ್ಕ್. ಮೈಮೇಲೆ ಓರೆಯಾಗಿ, ಸುಮಾರು ಒಂದು ಮಿಲಿಮೀಟರ್ ಆಳದ ಕಿರುಗಾಲುವೆಗಳನ್ನು ಕೊರೆದಿದ್ದರೆ ಸ್ಲಾಟ್ ಡಿಸ್ಕ್. ಈ ಕಾಲುವೆ ತಟ್ಟೆಯನ್ನು ತೂರಿ ಹೋಗುವುದಿಲ್ಲ. ಆರಪಾರ ತೂತು ಕೊರೆದಿದ್ದರೆ ತೂತಿನ ಡಿಸ್ಕ್. ಸಾದಾ ಡಿಸ್ಕ್ ಕೂಡ ಗಾಳಿಡಿಸ್ಕ್ ಆಗಿರಬಹುದು ಎಂಬುದನ್ನು ನೆನಪಿಡಬೇಕು. ತಂಪಿಗಾಗಿ ಇರುವ ಮುಖ್ಯ ವ್ಯವಸ್ಥೆ ಒಳಗಿನ ರೆಕ್ಕೆಗಳು. ಅವು ಹೊರಗಿನಿಂದ ಕಾಣುವುದಿಲ್ಲ, ತೂತುಗಳು ಕಾಣುತ್ತವೆ. ಗೊಂದಲದ ಮೂಲ ಇಲ್ಲೇ ಇದೆ.

ತೂತು ಬಂದದ್ದು ಏಕೆ?

ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹಾಲಯವಿದೆ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಡ್ರಮ್ ಬ್ರೇಕ್. ಡ್ರಮ್ ಕಾದಾಗ ಹಿಗ್ಗಿ, ಒಳಗಿನಿಂದ ಒತ್ತುವ ಬ್ರೇಕ್ ಶೂಗಳಿಂದ ದೂರ ಸರಿಯುತ್ತದೆ. ಪೆಡಲ್ ಇನ್ನಷ್ಟು ಕೆಳಗಿಳಿಯಬೇಕಾಗುತ್ತದೆ. ಡಿಸ್ಕ್ ಕಾದಾಗ ದಪ್ಪವಾಗಿ ಪ್ಯಾಡಿನತ್ತಲೇ ಬರುತ್ತದೆ. ಜೊತೆಗೆ ಅದು ಗಾಳಿಗೆ ತೆರೆದುಕೊಂಡಿದೆ. 1953ರ ಲೆ ಮಾನ್ಸ್ 24 ಗಂಟೆಗಳ ಓಟವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದ ಮೇಲೆ ಈ ಗುಣ ಜಗತ್ತಿಗೆ ಮನದಟ್ಟಾಯಿತು. ನಮ್ಮಲ್ಲಿ 1983ರಲ್ಲಿ ಬಂದ ಮಾರುತಿ 800 ಮುಂಚಕ್ರದ ಡಿಸ್ಕನ್ನು ಸಾಮಾನ್ಯ ಕುಟುಂಬಗಳ ಅಂಗಳಕ್ಕೆ ತಂದಿತು.

ಓಟದ ಕಾರುಗಳಲ್ಲಿ ಮುಂದೆ ಮತ್ತೊಂದು ತೊಡಕು ಕಂಡಿತು. ಆಗಿನ ಪ್ಯಾಡುಗಳನ್ನು ಅಸ್ಬೆಸ್ಟಾಸ್ ಮತ್ತು ರಾಳ ಸೇರಿಸಿ ಮಾಡುತ್ತಿದ್ದರು. ಬಹಳ ಕಾದಾಗ ರಾಳ ಕರಗಿ, ಸುಟ್ಟು, ಅನಿಲ ಹೊರಬರುತ್ತಿತ್ತು. ಪ್ಯಾಡಿಗೂ ಡಿಸ್ಕಿಗೂ ನಡುವೆ ಸಿಕ್ಕಿಕೊಂಡ ಅನಿಲ ಮತ್ತು ಪುಡಿಗೆ ಹೊರದಾರಿ ಬೇಕಿತ್ತು. ತೂತು ಆ ದಾರಿಯಾಯಿತು; ಸ್ವಲ್ಪ ತೂಕವೂ ಇಳಿಯಿತು. ಪೋರ್ಷೆ ತನ್ನ 917 ಓಟದ ಕಾರಿನ ಅನುಭವದಿಂದ 1978ರ 911 ಟರ್ಬೊಗೆ ತೂತಿನ ಗಾಳಿಡಿಸ್ಕ್ ಕೊಟ್ಟಿತು. ದುಬಾರಿ ವೇಗದ ಕಾರಿನ ಗುರುತಾಗಿ ತೂತು ಜನರ ಕಣ್ಣಿಗೆ ಬಿದ್ದದ್ದು ಇಂಥ ಕಾರುಗಳಿಂದ.

ಇಂದಿನ ಪ್ಯಾಡುಗಳ ರಾಳ ಹೆಚ್ಚು ತಾಪ ತಡೆಯುತ್ತದೆ. ತಯಾರಿಕೆಯಲ್ಲೇ ಅವನ್ನು ಚೆನ್ನಾಗಿ ಬೇಯಿಸಿರುತ್ತಾರೆ. ಹೊಸ ಪ್ಯಾಡನ್ನು ಹದ ಮಾಡದೆ ಜೋರಾಗಿ ಬಳಸಿದಾಗ ಅನಿಲದ ತೊಂದರೆ ಈಗಲೂ ಇಣುಕುತ್ತದೆ, ಆದರೆ ಅದು ಮೊದಲ ಕೆಲವು ಬಳಕೆಗಳ ಮಾತು. ಪ್ರಶ್ನೆ ಬಹುಮಟ್ಟಿಗೆ ಇಲ್ಲವಾಯಿತು. ಉತ್ತರ ಮಾತ್ರ ಅಲಂಕಾರವಾಗಿ ಉಳಿಯಿತು.

'ಬೇಗ ತಣಿಯುತ್ತದೆ': ಲೆಕ್ಕ ಏನು ಹೇಳುತ್ತದೆ?

ನಮ್ಮ ಪಠ್ಯಪುಸ್ತಕಗಳು 'ಘರ್ಷಣೆಯಿಂದ ಉಷ್ಣ ಉಂಟಾಗುತ್ತದೆ' ಎಂಬಲ್ಲಿಗೆ ನಿಲ್ಲುತ್ತವೆ. ಎಷ್ಟು ಉಷ್ಣ, ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದಿಲ್ಲ. ಅಂಗಡಿಯ ವಾದ ಬೆಳೆಯುವುದು ಈ ಖಾಲಿ ಜಾಗದಲ್ಲಿ.

ಪ್ರಯಾಣಿಕರೂ ಸೇರಿ 1200 ಕಿಲೋಗ್ರಾಂ ರಾಶಿಯ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದೆ ಎಂದಿಟ್ಟುಕೊಳ್ಳೋಣ. ಅದರ ಚಲನಶಕ್ತಿ ಸುಮಾರು 463 ಕಿಲೋಜೂಲ್. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಸರಿಯುವುದರಿಂದ 70 ಶೇಕಡ ಕೆಲಸ ಮುಂದಿನ ಎರಡು ಡಿಸ್ಕುಗಳದ್ದು ಎನ್ನೋಣ. ಒಂದೊಂದರ ಪಾಲು 162 ಕಿಲೋಜೂಲ್. ಡಿಸ್ಕಿನ ರಾಶಿ 6 ಕಿಲೋಗ್ರಾಂ, ಎರಕದ ಕಬ್ಬಿಣದ ವಿಶಿಷ್ಟೋಷ್ಣ ಕಿಲೋಗ್ರಾಂಗೆ ಡಿಗ್ರಿಗೆ 480 ಜೂಲ್ ಎಂದು ಹಿಡಿದರೆ, ಒಂದು ಸಲ ಪೂರ್ತಿ ನಿಲ್ಲಿಸಿದಾಗ ಡಿಸ್ಕಿನ ತಾಪ ಸುಮಾರು 56 ಡಿಗ್ರಿ ಏರುತ್ತದೆ. ನಿಲ್ಲುವ ಆ ನಾಲ್ಕೈದು ಸೆಕೆಂಡುಗಳಲ್ಲಿ ಗಾಳಿ ಒಯ್ಯುವ ಉಷ್ಣ ಅತ್ಯಲ್ಪ. ಅಂದರೆ ಡಿಸ್ಕ್ ಮೊದಲು ಉಷ್ಣದ ಕಣಜ, ಆಮೇಲೆ ಗಾಳಿಯ ಪಂಪು. ಕಣಜ ದೊಡ್ಡದಿದ್ದಷ್ಟೂ ಒಳ್ಳೆಯದು. ತೂತು ಕೊರೆಯುವುದೆಂದರೆ ಕಣಜವನ್ನು ಚಿಕ್ಕದು ಮಾಡುವುದು.

ಎಷ್ಟು ಚಿಕ್ಕದು? 260 ಮಿಲಿಮೀಟರ್ ವ್ಯಾಸದ ಗಾಳಿಡಿಸ್ಕಿಗೆ 6 ಮಿಲಿಮೀಟರಿನ 48 ತೂತು ಕೊರೆದೆವು, ಎರಡು ತಟ್ಟೆಗಳ ದಪ್ಪ ತಲಾ 7 ಮಿಲಿಮೀಟರ್ ಎನ್ನೋಣ. ಹೋದ ಕಬ್ಬಿಣ ಸುಮಾರು 137 ಗ್ರಾಂ, ಒಟ್ಟು ರಾಶಿಯ 2 ಶೇಕಡಕ್ಕಿಂತ ಸ್ವಲ್ಪ ಹೆಚ್ಚು. ಒಂದು ಸಲ ನಿಲ್ಲಿಸಿದಾಗ ಏರುವ ತಾಪ 56ರ ಬದಲು 57ಕ್ಕೂ ತುಸು ಮೇಲೆ. ಹಾನಿ ದೊಡ್ಡದಲ್ಲ. ಇನ್ನು ಲಾಭ: ಪ್ರತಿ ತೂತು ತಟ್ಟೆಯ ಎರಡು ಮೈಗಳಿಂದ ಸ್ವಲ್ಪ ಜಾಗ ಕಳೆದು, ತನ್ನ ಒಳಗೋಡೆಯಿಂದ ಸ್ವಲ್ಪ ಹೆಚ್ಚು ಜಾಗ ಕೂಡಿಸುತ್ತದೆ. ತಟ್ಟೆಗಳ ನಾಲ್ಕು ಮೈಗಳ ಒಟ್ಟು ವಿಸ್ತೀರ್ಣಕ್ಕೆ ಹೋಲಿಸಿದರೆ ನಿವ್ವಳ ಗಳಿಕೆ 5 ಶೇಕಡದ ಆಸುಪಾಸು. ರೆಕ್ಕೆಗಳ ಮೈಯನ್ನೂ ಸೇರಿಸಿದರೆ ಇನ್ನೂ ಕಡಿಮೆ. ತೂತು ತಂಪು ಮಾಡುವುದೇ ಇಲ್ಲ ಎನ್ನುವುದು ತಪ್ಪಾಗುತ್ತದೆ. ಆದರೆ ಡಿಸ್ಕಿನ ವ್ಯಾಸ ಹೆಚ್ಚಿಸಿದರೆ, ರೆಕ್ಕೆ ಸುಧಾರಿಸಿದರೆ, ಚಕ್ರದತ್ತ ಗಾಳಿಯ ಕೊಳವೆ ತಂದರೆ ಸಿಗುವ ಲಾಭದ ಮುಂದೆ ಇದು ಚಿಲ್ಲರೆ. ಫಾರ್ಮುಲಾ 1 ಕಾರುಗಳ ಕಾರ್ಬನ್ ಡಿಸ್ಕುಗಳಲ್ಲಿ ಸಾವಿರಕ್ಕೂ ಹೆಚ್ಚು ತೂತುಗಳಿರುತ್ತವೆ, ನಿಜ. ಅವು ಇರುವುದು ಪ್ಯಾಡು ಉಜ್ಜುವ ಮೈಯಲ್ಲಲ್ಲ. ನಡುವಿನಿಂದ ಹೊರ ಅಂಚಿಗೆ ಹಾಯುವ ಗಾಳಿ ಮಾರ್ಗಗಳಾಗಿ. ಅವನ್ನು ತೋರಿಸಿ ಇವನ್ನು ಮಾರುವುದು ಸಲ್ಲದು.

'ಚೆನ್ನಾಗಿ ಹಿಡಿಯುತ್ತದೆ' ಎಂಬ ವಾದಕ್ಕೆ ಉತ್ತರ ಇನ್ನೂ ಚಿಕ್ಕದು. ಘರ್ಷಣ ಬಲ ಘರ್ಷಣ ಗುಣಾಂಕ ಮತ್ತು ಒತ್ತುಬಲಗಳ ಗುಣಲಬ್ಧ; ಡಿಸ್ಕಿನ ತಿರುಚುಬಲ ಆ ಬಲ ಮತ್ತು ಪ್ಯಾಡು ಒತ್ತುವ ತ್ರಿಜ್ಯದ ಗುಣಲಬ್ಧ. ಇದರಲ್ಲಿ ತೂತಿಗೆ ಸ್ಥಾನವಿಲ್ಲ. ಚಕ್ರ ಬಿಗಿದು ನಿಲ್ಲುವಷ್ಟು ಬಲ ಬ್ರೇಕಿಗಿದ್ದರೆ ಕಾರು ನಿಲ್ಲುವ ದೂರವನ್ನು ನಿರ್ಧರಿಸುವುದು ಟೈರು ಮತ್ತು ರಸ್ತೆ. ಗಂಟೆಗೆ 60 ಕಿಲೋಮೀಟರ್ ವೇಗದಿಂದ ನಿಲ್ಲಲು, ಘರ್ಷಣ ಗುಣಾಂಕ 0.8 ಇರುವ ಒಣ ರಸ್ತೆಯಲ್ಲಿ ಸುಮಾರು 18 ಮೀಟರ್ ಸಾಕು, 0.4 ಇರುವ ಒದ್ದೆ ರಸ್ತೆಯಲ್ಲಿ 35 ಮೀಟರ್ ಬೇಕು. ಸವೆದ ಟೈರಿಟ್ಟುಕೊಂಡು ಡಿಸ್ಕಿಗೆ ಹಣ ಸುರಿಯುವುದು ವ್ಯರ್ಥ.

ಚಾರ್ಮಾಡಿಯ ಪರೀಕ್ಷೆ

ಕೊಟ್ಟಿಗೆಹಾರದ ಕಡೆಯಿಂದ ಚಾರ್ಮಾಡಿಗೆ ಇಳಿಯುವುದನ್ನು ಲೆಕ್ಕಕ್ಕೆ ತರೋಣ. ಸುಲಭಕ್ಕಾಗಿ 20 ಕಿಲೋಮೀಟರ್ ದಾರಿ, 700 ಮೀಟರ್ ಇಳಿತ ಎಂದು ಹಿಡಿಯೋಣ. ಅದೇ 1200 ಕಿಲೋಗ್ರಾಂ ಕಾರು ಕಳೆದುಕೊಳ್ಳುವ ಸ್ಥಾನಶಕ್ತಿ ಸುಮಾರು 8.2 ಮೆಗಾಜೂಲ್. ಟೈರುಗಳ ಉರುಳು ಘರ್ಷಣೆ ಅದರಲ್ಲಿ ಸುಮಾರು 3.5 ಮೆಗಾಜೂಲ್ ನುಂಗುತ್ತದೆ. ಗಾಳಿಯ ತಡೆ ಈ ವೇಗದಲ್ಲಿ ಅಲ್ಪ. ಉಳಿದದ್ದು 4.7 ಮೆಗಾಜೂಲ್.

ಗೇರನ್ನು ನ್ಯೂಟ್ರಲ್‌ಗೆ ಹಾಕಿ ಇಳಿದರೆ ಈ 4.7 ಮೆಗಾಜೂಲ್ ಪೂರ್ತಿ ಬ್ರೇಕಿನ ತಲೆಯ ಮೇಲೆ. ಮುಂದಿನ ಒಂದು ಡಿಸ್ಕಿನ ಪಾಲು 1.6 ಮೆಗಾಜೂಲಿಗೂ ಹೆಚ್ಚು. ಸ್ವಲ್ಪವೂ ತಣಿಯದಿದ್ದರೆ ಅದು 570 ಡಿಗ್ರಿ ಏರಬೇಕು! ಅದೃಷ್ಟಕ್ಕೆ ತಣಿಯಲು ಸಮಯವಿದೆ. ಗಂಟೆಗೆ 30 ಕಿಲೋಮೀಟರಿನಂತೆ ಇಳಿದರೆ 40 ನಿಮಿಷ. ಬ್ರೇಕುಗಳು ಸರಾಸರಿ 2 ಕಿಲೋವಾಟ್ ಹೊರಹಾಕಬೇಕು. ಬಕೆಟ್ ನೀರು ಕಾಯಿಸುವ ಒಂದು ಕಿಲೋವಾಟಿನ ಎರಡು ಹೀಟರುಗಳನ್ನು 40 ನಿಮಿಷ ಉರಿಸಿದಂತೆ. ಇಮ್ಮಡಿ ವೇಗದಲ್ಲಿ ಇಳಿದರೆ ಹೊರಹಾಕಬೇಕಾದ ಒಟ್ಟು ಉಷ್ಣ ಹೆಚ್ಚುಕಡಿಮೆ ಅಷ್ಟೇ, ಸಿಗುವ ಸಮಯ ಮಾತ್ರ ಅರ್ಧ. ಘಾಟಿಯಲ್ಲಿ ಅವಸರ ಬ್ರೇಕಿಗೆ ಏಕೆ ಶತ್ರು ಎಂಬುದು ಈ ಭಾಗಾಕಾರದಲ್ಲೇ ಇದೆ.

ಎರಡನೇ ಗೇರಿನಲ್ಲಿ ಇಳಿದರೆ ಈ ಹೊರೆಯ ಬಹುಪಾಲನ್ನು ಎಂಜಿನ್ ಹೊತ್ತು ತನ್ನ ರೇಡಿಯೇಟರ್ ಮತ್ತು ಹೊಗೆಕೊಳವೆಗಳ ಮೂಲಕ ಹೊರಹಾಕುತ್ತದೆ. ವಿದ್ಯುತ್ ಕಾರಾದರೆ ಮೋಟಾರು ಅದರ ಒಂದು ಭಾಗವನ್ನು ಬ್ಯಾಟರಿಗೇ ಮರಳಿಸುತ್ತದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ಅಲ್ಲ. ಏರಿದ ಗೇರಿನಲ್ಲೇ ಇಳಿ ಎಂಬ ಹಳೆಯ ಚಾಲಕರ ಮಾತು, ಅಂಗಡಿಯ ಯಾವ ಡಿಸ್ಕಿಗಿಂತಲೂ ದೊಡ್ಡ ತಂಪುಯಂತ್ರ.

ಘಾಟಿಯಲ್ಲಿ ಮೊದಲು ಸೋಲುವುದು ಡಿಸ್ಕ್ ಅಲ್ಲ ಎಂಬುದನ್ನೂ ತಿಳಿಯಬೇಕು. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ದ್ರವ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ 140ಕ್ಕೆ ಇಳಿದರೂ ಮಾನಕ ಒಪ್ಪುತ್ತದೆ. ಡಾಟ್ 4ಕ್ಕೆ ಇದು 230 ಮತ್ತು 155. ಕುದಿದ ದ್ರವದಲ್ಲಿ ಆವಿಯ ಗುಳ್ಳೆ. ಗುಳ್ಳೆ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ನಮ್ಮ ಜಿಲ್ಲೆಯ ತೇವದಲ್ಲಿ ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸುವುದು ಅತ್ಯಗತ್ಯ. ಇದಕ್ಕೆ ತಗಲುವ ಖರ್ಚು ತೂತಿನ ಡಿಸ್ಕಿನ ಬೆಲೆಯ ಒಂದು ಚೂರು. ಇಳಿದ ಕೂಡಲೇ ಕಕ್ಕಿಂಜೆಯಲ್ಲಿ ಚಹಾಕ್ಕೆಂದು ಗಕ್ಕನೆ ನಿಲ್ಲಿಸದೆ, ಸಮತಟ್ಟಿನಲ್ಲಿ ಒಂದೆರಡು ಕಿಲೋಮೀಟರ್ ಬ್ರೇಕ್ ಮುಟ್ಟದೆ ಸಾಗುವುದೂ ಒಳ್ಳೆಯದು. ಗಾಳಿ ನಿಂತೊಡನೆ ಡಿಸ್ಕಿನ ಉಷ್ಣ ಕ್ಯಾಲಿಪರ್‌ಗೂ ದ್ರವಕ್ಕೂ ಹರಿಯುತ್ತದೆ.

ಬಿರುಕಿನ ಕಥೆ

ತೂತಿನ ಲಾಭ ಚಿಲ್ಲರೆ, ಹಾನಿಯೂ ಚಿಲ್ಲರೆ ಎನ್ನುವುದಾದರೆ ಚಂದಕ್ಕಾಗಿ ಹಾಕಿಸಿಕೊಳ್ಳಲಿ ಬಿಡಿ ಎನ್ನಬಹುದು. ಆದರೆ ರಾಶಿಯ ಲೆಕ್ಕದಲ್ಲಿ ಕಾಣದ ಒಂದು ಹಾನಿ ಇದೆ.

ಜೋರಾಗಿ ಬ್ರೇಕ್ ಹಾಕಿದಾಗ ಡಿಸ್ಕಿನ ಮೈ ಮೊದಲು ಕಾಯುತ್ತದೆ, ಒಳಭಾಗ ಆಮೇಲೆ. ಕಾದ ಮೈ ಹಿಗ್ಗಬೇಕು. ತಣ್ಣಗಿನ ಒಳಭಾಗ ಬಿಡುವುದಿಲ್ಲ. ಎರಡರ ನಡುವೆ 200 ಡಿಗ್ರಿ ಅಂತರವಿದ್ದರೆ, ಎರಕದ ಕಬ್ಬಿಣದ ಸ್ಥಿತಿಸ್ಥಾಪಕತ್ವ ಮತ್ತು ವ್ಯಾಕೋಚನ ಗುಣಾಂಕಗಳಿಂದ ಲೆಕ್ಕ ಹಾಕಿದಾಗ ಮೈಯಲ್ಲಿ 300 ಮೆಗಾಪಾಸ್ಕಲ್‌ಗೂ ಮೀರಿದ ಸಂಕೋಚನ ಪೀಡನ ಬರುತ್ತದೆ. ಎರಕದ ಕಬ್ಬಿಣ ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಆದರೆ ಬಿಸಿಯಲ್ಲಿ ಮೈ ಸ್ವಲ್ಪ ಶಾಶ್ವತವಾಗಿ ಕುಗ್ಗಿಬಿಟ್ಟರೆ, ತಣಿದಾಗ ಅದೇ ಮೈ ಎಳೆತಕ್ಕೆ ಒಳಗಾಗುತ್ತದೆ. ಬೂದು ಎರಕದ ಕಬ್ಬಿಣದ ಎಳೆತ ತಾಳಿಕೆ ಸಾಮಾನ್ಯವಾಗಿ 200ರಿಂದ 250 ಮೆಗಾಪಾಸ್ಕಲ್ ಮಾತ್ರ. ಇಂಥ ಒಂದೊಂದು ಸುತ್ತೂ ಕೂದಲೆಳೆಯ ಬಿರುಕುಗಳಿಗೆ ದಾರಿ.

ಈಗ ಅಲ್ಲಿ ತೂತು ಇದ್ದರೆ? ಜರ್ಮನಿಯ ಎಂಜಿನಿಯರ್ ಕಿರ್ಷ್ 1898ರಲ್ಲಿ ತೋರಿಸಿದಂತೆ, ಒಂದು ದಿಕ್ಕಿಗೆ ಎಳೆದ ಅಗಲ ತಟ್ಟೆಯಲ್ಲಿ ದುಂಡು ತೂತಿನ ಅಂಚಿನ ಪೀಡನ ಉಳಿದ ಕಡೆಗಿಂತ ಮೂರು ಪಟ್ಟು. ಎರಡು ದಿಕ್ಕಿಗೂ ಸಮನಾಗಿ ಎಳೆದರೆ ಎರಡು ಪಟ್ಟು. ತೂತು ಎಷ್ಟೇ ಚಿಕ್ಕದಿರಲಿ, ಈ ಪಟ್ಟು ಬದಲಾಗದು. ಬಿರುಕು ತೂತಿನ ಅಂಚಿನಲ್ಲೇ ಹುಟ್ಟಿ ಪಕ್ಕದ ತೂತಿನತ್ತ ಹೊರಡುತ್ತದೆ. ಅಂಚನ್ನು ಓರೆಯಾಗಿ ಸವರಿ, ತೂತುಗಳ ಸ್ಥಾನವನ್ನು ಸಾಲು ತಪ್ಪಿಸಿ ಆರಿಸಿ, ರೆಕ್ಕೆಗಳನ್ನು ಕಡಿಯದಂತೆ ವಿನ್ಯಾಸ ಮಾಡಿದರೆ ಆಯುಷ್ಯ ಹೆಚ್ಚುತ್ತದೆ. ಪೋರ್ಷೆಯಂಥವರು ಮಾಡುವುದು ಅದನ್ನೇ. ಅವರ ಡಿಸ್ಕುಗಳನ್ನೂ ಬಿರುಕು ಒಂದು ಅಳತೆ ಮೀರಿದರೆ ಬದಲಿಸಲೇಬೇಕು. ಸಾದಾ ಡಿಸ್ಕ್ ತಂದು ಲೇತ್ ವರ್ಕ್‌ಶಾಪಿನಲ್ಲಿ ತೂತು ಕೊರೆಸುವುದು ಇದಲ್ಲ. ಹಾಗೆ ಮಾಡುವವರು ಡಿಸ್ಕಿನಲ್ಲಿ 48 ಬಿರುಕುಗಳಿಗೆ ಜಾಗ ಗೊತ್ತು ಮಾಡುತ್ತಿದ್ದಾರೆ.

ಹಾಗಾದರೆ ಬೈಕಿಗೆ ಹೇಗೆ ಸರಿ? ಸವಾರನೂ ಸೇರಿ 220 ಕಿಲೋಗ್ರಾಂ ಬೈಕು 80 ಕಿಲೋಮೀಟರ್ ವೇಗದಲ್ಲಿ ಹೊತ್ತ ಶಕ್ತಿ ಸುಮಾರು 54 ಕಿಲೋಜೂಲ್. ಅದೇ ವೇಗದ ನಮ್ಮ ಕಾರಿನದು 296. ಬೈಕಿನ ಡಿಸ್ಕ್ ಎರಕದ ಕಬ್ಬಿಣದ್ದಲ್ಲ, ಬಿರುಕನ್ನು ಹೆಚ್ಚು ತಡೆಯುವ ಸ್ಟೇನ್‌ಲೆಸ್ ಉಕ್ಕಿನದು. ನಾಲ್ಕೈದು ಮಿಲಿಮೀಟರಿನ ತೆಳು ತಟ್ಟೆ ಬೇಗ ಒದ್ದೆಯಾಗುತ್ತದೆ, ಅಲ್ಲಿ ತೂತು ನೀರನ್ನು ಒರೆಸಲು ನೆರವಾಗುತ್ತದೆ. ಚಕ್ರದ ತೂಕದ ಒಂದೊಂದು ಗ್ರಾಂ ಕೂಡ ಬೈಕಿಗೆ ಮುಖ್ಯ. ಪರಿಸ್ಥಿತಿ ಬೇರೆ, ಉತ್ತರ ಬೇರೆ.

ಸ್ಲಾಟ್ ಡಿಸ್ಕಿನ ಪರ ಎರಡು ಮಾತು

ಸ್ಲಾಟ್ ಡಿಸ್ಕ್ ತಟ್ಟೆಯನ್ನು ತೂರುವುದಿಲ್ಲ. ಆದ್ದರಿಂದ ಬಿರುಕಿನ ಅಪಾಯ ಕಡಿಮೆ. ಅದು ನೀರಿನ ಪದರವನ್ನು ಒಡೆಯುತ್ತದೆ, ಪ್ಯಾಡಿನ ಸುಟ್ಟ ಮೈಯನ್ನು ಕೆರೆದು ಹೊಸ ಮೈ ತೆರೆಯುತ್ತದೆ, ಪುಡಿಯನ್ನು ಹೊರಗೆ ಸಾಗಿಸುತ್ತದೆ. ಚಾರ್ಮಾಡಿ ಹತ್ತಿ ಚಿಕ್ಕಮಗಳೂರಿಗೆ ಹೋದರೆ ಅಲ್ಲಿಯ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ರಾಷ್ಟ್ರೀಯ ರ್ಯಾಲಿ ಸುತ್ತುಗಳು ನಡೆದಿವೆ. ಅಂಥ ದಾರಿಯಲ್ಲಿ ತೂತುಗಳಿಗೆ ಕೆಸರು, ಹರಳು ಮೆತ್ತಿಕೊಳ್ಳುತ್ತದೆ. ಸ್ಲಾಟ್ ತನ್ನನ್ನು ತಾನೇ ಗುಡಿಸಿಕೊಳ್ಳುತ್ತದೆ. ನಮ್ಮ ಜಂಬಿಟ್ಟಿಗೆಯ ಕೆಂಪು ಕೆಸರಿಗೂ ಇದೇ ಮಾತು ಸಲ್ಲುತ್ತದೆ.

ಬೆಲೆ ತೆರದೆ ಇದು ಸಿಗದು. ಸ್ಲಾಟ್ ಡಿಸ್ಕ್ ಪ್ಯಾಡನ್ನು ಹೆರೆಮಣೆಯಂತೆ ಹೆರೆಯುತ್ತದೆ; ಪ್ಯಾಡು ಬೇಗ ಸವೆಯುತ್ತದೆ, ಗೊರಗೊರ ಸದ್ದೂ ಇರುತ್ತದೆ. ಸಂತೆ, ಶಾಲೆ, ಕಚೇರಿಗೆ ಓಡುವ ಕಾರಿಗೆ ಈ ಬೆಲೆ ಅನಗತ್ಯ. ಮಳೆಯಲ್ಲಿ ಸಾದಾ ಡಿಸ್ಕಿನವರು ಆಗಾಗ ಪೆಡಲನ್ನು ಹಗುರವಾಗಿ ಒತ್ತಿದರೆ ನೀರಿನ ಪದರ ಒಣಗುತ್ತದೆ.

ತೀರ್ಪು

ದಿನಬಳಕೆಯ ಕಾರಿಗೆ, ಅದು ಎಷ್ಟೇ ವೇಗದ್ದಾಗಿರಲಿ, ಒಳ್ಳೆಯ ಎರಕದ ಸಾದಾ ಗಾಳಿಡಿಸ್ಕ್, ತಕ್ಕ ಪ್ಯಾಡು, ಹೊಸ ದ್ರವ, ಒಳ್ಳೆಯ ಟೈರು. ರ್ಯಾಲಿ ಅಥವಾ ಟ್ರ್ಯಾಕಿಗೆ ಹೋಗುವವರಿಗೆ, ಪ್ಯಾಡಿನ ಖರ್ಚು ಒಪ್ಪಿಗೆಯಾದರೆ, ಸ್ಲಾಟ್ ಡಿಸ್ಕ್. ತೂತಿನ ಡಿಸ್ಕ್, ಕಾರಿನ ತಯಾರಕರೇ ಆ ಕಾರಿಗೆಂದು ವಿನ್ಯಾಸ ಮಾಡಿ ಕೊಟ್ಟಿದ್ದರೆ ಮಾತ್ರ. ವಿದ್ಯಾರ್ಥಿ ತಂಡಗಳ ಹಗುರ ವಾಹನಗಳಿಗೆ ಬೈಕಿನ ತೂತಿನ ಡಿಸ್ಕ್ ಹೊಂದಬಹುದು. ಆದರೆ 'ಬೈಕಿಗಿತ್ತು, ಹಾಕಿದೆವು' ಎಂಬುದು ವಿನ್ಯಾಸದ ಕಾರಣವಲ್ಲ. ಮೇಲಿನ ಲೆಕ್ಕವನ್ನು ತಮ್ಮ ರಾಶಿ, ತಮ್ಮ ವೇಗಕ್ಕೆ ಮಾಡಿ ವರದಿಯಲ್ಲಿ ಬರೆಯಬೇಕು.

ಶಿಕ್ಷಕರಿಗೆ ಎರಡು ಸಲಹೆ. ಒಂದೇ ಅಗಲದ ಎರಡು ಕಾಗದದ ಪಟ್ಟಿ ತೆಗೆದುಕೊಂಡು ಒಂದರ ನಡುವೆ ಪಂಚಿನಿಂದ ತೂತು ಮಾಡಿ, ಎರಡಕ್ಕೂ ತೂಕ ತೂಗಿಸುತ್ತ ಹೋಗಿ. ಯಾವುದು ಮೊದಲು ಹರಿಯಿತು, ಎಲ್ಲಿಂದ ಹರಿಯಿತು ಎಂದು ಮಕ್ಕಳೇ ನೋಡಲಿ. ಎರಡನೆಯದು, ಶಾಲೆಯ ಬಳಿ ಬಂದು ನಿಂತ ಕಾರಿನ ಡಿಸ್ಕನ್ನು ಮುಟ್ಟದೆ, ಕೈಗಾರಿಕಾ ಅವಕೆಂಪು ಥರ್ಮಾಮೀಟರಿನಿಂದ ಅಳೆಯುವುದು. ಕೋವಿಡ್ ಕಾಲದಲ್ಲಿ ಶಾಲೆಗೆ ಬಂದ ಹಣೆಯ ಥರ್ಮಾಮೀಟರ್ ಇದಕ್ಕೆ ಆಗದು, ಅದರ ವ್ಯಾಪ್ತಿ ಮೈಬಿಸಿಗಷ್ಟೇ. ಹೊಳೆಯುವ ಲೋಹ ಅವಕೆಂಪು ಕಿರಣಗಳನ್ನು ಕಡಿಮೆ ಹೊರಸೂಸುವುದರಿಂದ ಉಜ್ಜಿದ ಮೈ ಸುಳ್ಳು ಹೇಳುತ್ತದೆ. ತುಕ್ಕು ಹಿಡಿದ ನಡುಭಾಗಕ್ಕೆ ಗುರಿಯಿಡಿ. ಪೇಟೆಯಿಂದ ಬಂದ ಕಾರಿಗೂ ಘಾಟಿ ಇಳಿದು ಬಂದ ಕಾರಿಗೂ ವ್ಯತ್ಯಾಸ ಕಾಣುತ್ತದೆಯೇ? ಘಾಟಿ ಇಳಿದವರು ಯಾವ ಗೇರಿನಲ್ಲಿ ಇಳಿದರು ಎಂದು ಕೇಳಿ ಪಕ್ಕದಲ್ಲೇ ಬರೆದಿಡಿ.

ಯಕ್ಷಗಾನದಲ್ಲಿ ಬಣ್ಣದ ವೇಷಕ್ಕೆ ಅದರದೇ ಸ್ಥಾನವಿದೆ, ರಂಗಸ್ಥಳದ ಮೇಲೆ. ಚಾರ್ಮಾಡಿಯ ತಿರುವಿನಲ್ಲಿ ಬೇಕಾದದ್ದು ಕಬ್ಬಿಣದ ರಾಶಿ, ಕುದಿಯದ ದ್ರವ ಮತ್ತು ಎರಡನೇ ಗೇರು.